ಗೋಡೆಯಾಚೆಗೂ ಕೇಳುವಷ್ಟು

ಸೆಪ್ಟೆಂಬರ್ 2, ಮಂಗಳವಾರ

ಡಾಕ್ಟರು ನಿದ್ದೆ ಮಾತ್ರೆ ಕೊಡಲು ಒಪ್ಪಲಿಲ್ಲ. "ಮಾತ್ರೆ ಅಭ್ಯಾಸ ಆಗಿಬಿಡುತ್ತೆ. ಮಲಗೋ ಮುಂಚೆ ಮನಸ್ಸಿಗೆ ಬಂದಿದ್ದನ್ನ ಬರೆದಿಡಿ, ತಲೆ ಹಗುರ ಆಗುತ್ತೆ" ಎಂದರು. ಅದಕ್ಕೇ ಈ ಡೈರಿ. ಡಾಕ್ಟರ ಕಣ್ಣ ಕೆಳಗೂ ನನ್ನಷ್ಟೇ ಕಪ್ಪಾಗಿತ್ತು. ಅವರೂ ಬರೆಯುತ್ತಾರೋ ಏನೋ, ಕೇಳಲಿಲ್ಲ.

ಹೆಂಡತಿ ತೀರಿಹೋದ ಮೇಲೆ ನನಗೆ ನಿದ್ದೆಯೇ ಇಲ್ಲ. ದೀಪ ಆರಿಸುತ್ತೇನೆ, ಮಗ್ಗುಲು ಬದಲಿಸುತ್ತೇನೆ, ರೆಪ್ಪೆಗೆ ರೆಪ್ಪೆ ಅಂಟುವುದಿಲ್ಲ. ಇವತ್ತು ಅದರ ಫಲ ಕೆಲಸದಲ್ಲೂ ಕಂಡಿತು. ನಾನು ಕಟ್ಟಿಸುವ ಹಲ್ಲು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಮೇಣದಲ್ಲಿ ಹಲ್ಲು ಜೋಡಿಸಿ ಕೊಡುತ್ತೇವೆ. ಒಬ್ಬ ನಿವೃತ್ತ ಮೇಷ್ಟ್ರ ಹಲ್ಲಿನ ಸೆಟ್ಟು ವಾಪಸ್ ಬಂತು. ಮುಂದಿನ ಎರಡು ಹಲ್ಲಿನ ನಡುಗೆರೆ ಮೂಗಿನ ನೇರಕ್ಕೆ ಬರಬೇಕು. ನಾನು ಬಲಕ್ಕೆ ಎಳೆದುಬಿಟ್ಟಿದ್ದೆ. "ಮೇಷ್ಟ್ರು ನಕ್ಕರೆ ಯಾರನ್ನೋ ಅಣಕಿಸೋ ಹಾಗೆ ಕಾಣುತ್ತೆ" ಎಂದು ವೈದ್ಯರು ಫೋನ್ ಮಾಡಿ ಹೇಳಿದರಂತೆ. ಲ್ಯಾಬಿನ ಯಜಮಾನಿ ಬೈಯಲಿಲ್ಲ. "ಸ್ವಲ್ಪ ದಿನ ಪಾಲಿಶ್ ಕೆಲಸ ನೋಡ್ಕೊಳ್ಳಿ" ಎಂದರು. ಬೈದಿದ್ದರೇ ವಾಸಿಯಿತ್ತು.

ಅವಳ ತಾಯಿ ಇನ್ನೂ ಇಲ್ಲೇ ಇದ್ದಾರೆ. ಮಗಳ ಆರೈಕೆಗೆಂದು ಬಂದವರು. ಆರೈಕೆ ಮುಗಿದು ಐದು ತಿಂಗಳಾಯಿತು. ಮದುವೆಯಾದಾಗಿನಿಂದ ನಾವಿಬ್ಬರೂ ನೇರವಾಗಿ ಮಾತಾಡಿದ್ದು ಕಡಿಮೆ. ಹಲ್ಲು ತಿಕ್ಕುವವನಿಗೆ ಮಗಳನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ, ನನಗೂ ಅದು ಗೊತ್ತಿತ್ತು. "ನಿನ್ನ ಗಂಡನಿಗೆ ಊಟಕ್ಕೆ ಬರೋಕೆ ಹೇಳು" ಎಂದು ಅವರು ಅವಳಿಗೆ ಹೇಳುತ್ತಿದ್ದರು. "ನಿಮ್ಮಮ್ಮನಿಗೆ ಔಷಧಿ ತಂದಿಟ್ಟಿದೀನಿ ಅಂತ ಹೇಳು" ಎಂದು ನಾನೂ ಅವಳಿಗೇ ಹೇಳುತ್ತಿದ್ದೆ. ಮೂವರೂ ಒಂದೇ ಮೇಜಿನಲ್ಲಿ ಕೂತಿರುತ್ತಿದ್ದೆವು. ಅವಳು ಇಬ್ಬರ ಮುಖ ನೋಡಿ, "ಕೇಳಿಸ್ತಲ್ಲ?" ಎನ್ನುತ್ತಿದ್ದಳು.

ಈಗ ನಡುವೆ ಯಾರೂ ಇಲ್ಲ. ಅವರು "ಚಹಾ ಆಗಿದೆ" ಎಂದು ಗ್ಯಾಸ್ ಒಲೆಗೆ ಹೇಳುತ್ತಾರೆ. ನಾನು "ಬಾಗಿಲು ಹಾಕ್ಕೋಬಹುದು" ಎಂದು ಚಪ್ಪಲಿಗೆ ಹೇಳಿ ಹೊರಡುತ್ತೇನೆ.

ಇಷ್ಟು ಬರೆದೆ. ತಲೆ ಹಗುರವಾಯಿತೇ ಎಂದು ನೋಡಿಕೊಂಡೆ. ಇಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಲ್ಯಾಬಿನಲ್ಲಿ ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವವರು ಒಬ್ಬರಿದ್ದಾರೆ. ಎಲ್ಲರೂ ಪ್ಲಾಸ್ಟರಣ್ಣ ಎನ್ನುತ್ತೇವೆ. ಹುಬ್ಬು ಯಾವಾಗಲೂ ಬಿಳಿ, ವಯಸ್ಸಿನಿಂದಲೋ ಪುಡಿಯಿಂದಲೋ ಯಾರಿಗೂ ಗೊತ್ತಿಲ್ಲ. ಇವತ್ತು ನನ್ನ ಮುಖ ನೋಡಿ, "ಹಳೇ ದೊಡ್ಡ ಕಾದಂಬರಿ ಯಾವುದಾದ್ರೂ ಹಾಕ್ಕೊಂಡು ಕೇಳು. ಫೋನಲ್ಲಿ ಬರುತ್ತೆ, ಯಾರೋ ಓದಿ ಹೇಳ್ತಾರೆ. ಎಲ್ಲರೂ ಹೊಗಳ್ತಾರಲ್ಲ, ಮುಗಿಸಿದೋರು ಯಾರೂ ಇರಲ್ವಲ್ಲ, ಅಂಥದ್ದು" ಎಂದರು.

"ನೀವು ಮುಗಿಸಿದೀರಾ?"

"ನಾನು ಏಳು ಕಾದಂಬರಿ ಶುರು ಮಾಡಿದೀನಿ. ಒಂದರಲ್ಲೂ ಎರಡನೇ ಅಧ್ಯಾಯ ನೋಡಿಲ್ಲ. ಅಷ್ಟು ಒಳ್ಳೇ ಪುಸ್ತಕಗಳು."

ಒಂದನ್ನು ಇಳಿಸಿಕೊಂಡೆ. ಯಾವ ಕಾಲದ್ದೋ. ಒಬ್ಬ ಗಡಿಯಾರ ರಿಪೇರಿಯವನು. ಅವನ ಯಜಮಾನ ಸಾಯುವಾಗ ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಕೊಟ್ಟು, ಸಮುದ್ರದಾಚೆಯ ದ್ವೀಪದಲ್ಲಿರುವ ತಂಗಿಗೆ ತಲುಪಿಸು, ದಾರಿಯಲ್ಲಿ ತೆರೆಯಬೇಡ ಎನ್ನುತ್ತಾನೆ. ಅರವತ್ತೊಂದು ಅಧ್ಯಾಯ. ಓದುವವನು ಮುದುಕನಿರಬೇಕು. ಪುಟ ತಿರುಗಿಸುವ ಸದ್ದು, ಉಗುಳು ನುಂಗುವ ಸದ್ದು, ಎಲ್ಲ ಕೇಳುತ್ತದೆ. ಇವನೇ ನಿದ್ದೆ ಹೋದರೆ ಏನು ಗತಿ ಎಂದುಕೊಂಡೆ.

ಸೆಪ್ಟೆಂಬರ್ 6, ಶನಿವಾರ

ಮಲಗಿದೆ. ನಾಲ್ಕು ಗಂಟೆ ಹೊತ್ತು ಸಲೀಸಾಗಿ. ಯಜಮಾನ ಇನ್ನೂ ಸಾಯುತ್ತಲೇ ಇದ್ದ.

ಸೆಪ್ಟೆಂಬರ್ 9, ಮಂಗಳವಾರ

ಅತ್ತಿಗೆ ಫೋನ್ ಮಾಡಿದ್ದರು. ಅವಳ ಅಕ್ಕ. ಅಮ್ಮನನ್ನು ಮುಂದಿನ ತಿಂಗಳು ತಮ್ಮೂರಿಗೆ ಕರೆದುಕೊಂಡು ಹೋಗುತ್ತಾರಂತೆ. "ನಿಮಗೂ ಎಷ್ಟು ದಿನ ತೊಂದರೆ" ಎಂದರು. "ಅವರ ಇಷ್ಟ" ಎಂದೆ. ಬೇರೆ ಏನು ಹೇಳಲಿ? ಮಗಳೇ ಇಲ್ಲದ ಮನೆಯಲ್ಲಿ ಮಗಳ ತಾಯಿ ಯಾಕಿರಬೇಕು? ಹೋದರೆ ನನಗೂ ಉಸಿರಾಡಿದ ಹಾಗಾಗುತ್ತದೆ.

ಡಾಕ್ಟರು ಬರಿ ಎಂದಿದ್ದಾರೆ, ಬರೆಯುತ್ತೇನೆ. ಕೊನೆಯ ರಾತ್ರಿ ನಾನು ಅವಳ ಹತ್ತಿರ ಕೂತಿದ್ದೆ. ಅದರ ಹಿಂದಿನ ಎರಡು ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ಅವಳ ತಾಯಿ ಬಂದು, "ಹೋಗಿ ಮಲಗಿ, ನಾನು ಕೂತಿರ್ತೀನಿ" ಎಂದರು. ನನ್ನ ಮುಖ ನೋಡಿ ನೇರವಾಗಿ ಹೇಳಿದ ಮಾತು ಅದೊಂದೇ ಇರಬೇಕು. ಪಕ್ಕದ ಕೋಣೆಗೆ ಹೋಗಿ ಮಲಗಿದೆ. ಎದ್ದಾಗ ಬೆಳಗಾಗಿತ್ತು, ಎಲ್ಲ ಮುಗಿದಿತ್ತು. "ಎಬ್ಬಿಸೋಕೂ ಹೊತ್ತಿರಲಿಲ್ಲ" ಎಂದರು.

ನಡುವೆ ಇರುವುದು ಹಲಗೆಯ ಗೋಡೆ. ಆಚೆ ಕೆಮ್ಮಿದರೆ ಈಚೆ ಕೇಳುತ್ತದೆ. ಒಂದು ಸಲ ಕೂಗಿದ್ದರೆ ಸಾಕಿತ್ತು. ಎಚ್ಚರವಿದ್ದವರು ಒಂದು ಸಲ ಕೂಗಲಾರದೆ ಹೋದರೇ? ಅವಳ ಕೈ ಹಿಡಿಯಲು ನನಗೆ ಅರ್ಧ ನಿಮಿಷವೂ ಸಿಗದಂತೆ ಮಾಡಿದರು. ಇದನ್ನು ನಾನು ಮನ್ನಿಸಲಾರೆ. ಅವರು ಇವತ್ತಿನವರೆಗೂ ಅತ್ತಿದ್ದನ್ನೂ ನಾನು ನೋಡಿಲ್ಲ.

ತಲೆ ಹಗುರವಾಗಲಿಲ್ಲ. ಪುಸ್ತಕ ಹಾಕುತ್ತೇನೆ.

ಸೆಪ್ಟೆಂಬರ್ 13, ಶನಿವಾರ

ಅವಳ ತಾಯಿಗೆ ವಯಸ್ಸಾಯಿತು. ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕುತ್ತಾರೆ. ನಿನ್ನೆ ನಲ್ಲಿ ತೆರೆದಿಟ್ಟು ಮರೆತರು. ಇವತ್ತು ನನ್ನ ಅಂಗಿಗೆ ಇಸ್ತ್ರಿ ಮಾಡಲು ಹೋಗಿ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ನಿಂತುಬಿಟ್ಟಿದ್ದರು. ಹೊಗೆ ನೋಡಿ ನಾನೇ ಎತ್ತಿದೆ. ಇಸ್ತ್ರಿ ಮಾಡಿ ಎಂದು ನಾನು ಹೇಳಿರಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಇವತ್ತು ಬೆಳಿಗ್ಗೆ ಒಂದು ವಿಚಿತ್ರ. ಅವಳ ತಾಯಿ ಚಹಾ ಸೋಸುತ್ತಾ, ಸೋಸುವ ಜರಡಿಯನ್ನು ನೋಡಿಕೊಂಡು, "ಆ ಗಡಿಯಾರದೋನು ಇನ್ನೂ ಹಡಗು ಹತ್ತಲಿಲ್ವಾ?" ಎಂದರು.

ನನಗೆ ಅರ್ಥವಾಗಲಿಲ್ಲ.

"ನಾಲ್ಕು ದಿನದಿಂದ ಅದೇ ಬಂದರು, ಅದೇ ಟಿಕೆಟ್ಟು, ಅದೇ ಮಳೆ. ಮೆಟ್ಟಿಲ ಮೇಲೆ ಕಾಲಿಡೋ ಹೊತ್ತಿಗೆ ನಿಂತುಹೋಗುತ್ತೆ. ಹತ್ತೋನು ಹತ್ತಲಿ, ಇಲ್ಲಾ ಮನೆಗೆ ಹೋಗಲಿ."

ಹಲಗೆಯ ಗೋಡೆ! ನಾನು ಪುಸ್ತಕ ಅರ್ಧ ಗಂಟೆಗೆ ನಿಲ್ಲುವಂತೆ ಇಟ್ಟು ಮಲಗುತ್ತೇನೆ. ಹತ್ತು ನಿಮಿಷಕ್ಕೇ ನಿದ್ದೆ ಹತ್ತುತ್ತದೆ. ಮರುದಿನ ನೆನಪಿರುವ ಜಾಗಕ್ಕೆ ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಂದಲೇ ಶುರು. ನನಗೆ ಪ್ರತಿದಿನ ಹೊಸ ಕಥೆ, ಆಚೆಯವರಿಗೆ ಗಾಣದೆತ್ತಿನ ಸುತ್ತು.

"ಸದ್ದು ಕಡಿಮೆ ಮಾಡ್ತೀನಿ" ಎಂದೆ, ಸ್ವಲ್ಪ ಬಿಗಿಯಾಗಿಯೇ.

"ಸದ್ದಿಗೆ ಏನೂ ಅಂದಿಲ್ಲ ನಾನು. ಹಿಂದಕ್ಕೆ ಹೋಗೋದು ಬೇಡ ಅಂದೆ. ಎಲ್ಲಿವರೆಗೆ ಆಯ್ತು ಅಂತ ನಾನು ಹೇಳ್ತೀನಿ, ಅಲ್ಲಿಂದ ಮುಂದಕ್ಕೆ ಹಾಕಿ."

ಹಾಕಿ ಎಂದರು. ಜರಡಿಗಲ್ಲ, ನನಗೇ.

ಸೆಪ್ಟೆಂಬರ್ 20, ಶನಿವಾರ

ಗಡಿಯಾರದವನು ಹಡಗು ಹತ್ತಿದ. ನಾನು ನೋಡಲಿಲ್ಲ, ಅವರು ಹೇಳಿದರು. ಹಡಗಿನಲ್ಲಿ ಒಬ್ಬ ಅಡುಗೆಯವನಿದ್ದಾನೆ, ಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದಾನೆ. "ಅವನ ಮಾತು ನಂಬಬಾರದು. ಅಷ್ಟು ಬೆಣ್ಣೆ ಹಚ್ಚಿ ಮಾತಾಡೋರು ಒಳ್ಳೆಯೋರಾಗಿರಲ್ಲ" ಎಂದು ಅವರ ಅಭಿಪ್ರಾಯ. ಅರ್ಧ ಗಂಟೆ ಸಾಲದು, ಒಳ್ಳೆಯ ಜಾಗದಲ್ಲೇ ನಿಂತುಹೋಗುತ್ತದೆ ಎಂದು ಇನ್ನೊಂದು ದೂರು. ಸರಿ, ನಿಲ್ಲುವ ಏರ್ಪಾಡನ್ನೇ ತೆಗೆದುಬಿಟ್ಟೆ. ಚಾರ್ಜರಿಗೆ ಸಿಕ್ಕಿಸಿ, ಗೋಡೆಯ ಕಡೆಯ ಮೇಜಿನ ಮೇಲೆ ಇಟ್ಟೆ. ಮೇಜು ಸುಮ್ಮನೆ ಆ ಕಡೆ ಇತ್ತು, ಅಷ್ಟೆ.

ಆರು ಗಂಟೆ ನಿದ್ದೆ.

ಸೆಪ್ಟೆಂಬರ್ 24, ಬುಧವಾರ

ಬೆಳಗಿನ ಚಹಾಕ್ಕೆ ಈಗ ಅರ್ಧ ಗಂಟೆ ಬೇಕು. ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ಓದುವ ಮುದುಕನಿಗಿಂತ ಇವರೇ ಚೆನ್ನಾಗಿ ಹೇಳುತ್ತಾರೆ. ಅವನು ಮೂರು ಪುಟ ಬಣ್ಣಿಸುವ ಬಿರುಗಾಳಿಯನ್ನು ಇವರು "ಹಡಗು ಹೀಗಾಯ್ತು, ಹೀಗಾಯ್ತು, ಅಡುಗೆಯೋನು ವಾಂತಿ ಮಾಡ್ಕೊಂಡ" ಎಂದು ಮುಗಿಸುತ್ತಾರೆ.

ತೊಂದರೆ ಎಂದರೆ ಅವರ ಹಲ್ಲು. ಮೇಲಿನ ಸೆಟ್ಟು ಸಡಿಲ. "ಪೆಟ್ಟಿಗೆ" ಎನ್ನುವಾಗಲೆಲ್ಲ ಟಕ್ ಎನ್ನುತ್ತದೆ. ಈ ಕಥೆಯಲ್ಲಿ ಪೆಟ್ಟಿಗೆ ಬಿಟ್ಟರೆ ಬೇರೆ ಮಾತೇ ಇಲ್ಲ. ಕಿವಿಗೆ ಕಿರಿಕಿರಿಯಾಗಿ, "ಎಷ್ಟು ದಿನದಿಂದ ಹೀಗಿದೆ?" ಎಂದೆ.

"ನಿಮ್ಮ ಮದುವೆ ಟೈಮಿಂದ."

"ಹೇಳಬಾರದಾ? ನಾನು ಮಾಡೋ ಕೆಲಸವೇ ಇದು."

ಅವರು ಲೋಟ ತೊಳೆಯುತ್ತಾ, "ಅಳಿಯನ ಮುಂದೆ ಬಾಯಿ ತೆಗೆದು ಕೂರಕ್ಕಾಗುತ್ತಾ?" ಎಂದರು.

ಒಂದು ಡಬ್ಬಿಯಲ್ಲಿ ಸೆಟ್ಟು ಹಾಕಿಕೊಂಡು ಲ್ಯಾಬಿಗೆ ಒಯ್ದೆ. ಅಚ್ಚು ತೆಗೆಯದೆ ಆಗುವುದಿಲ್ಲವೆಂದು, ನಮಗೆ ಕೆಲಸ ಕಳಿಸುವ ದಂತವೈದ್ಯೆಯೊಬ್ಬರ ಹತ್ತಿರ ಸಂಜೆ ಅತ್ತೆಯವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಊರಿಗೆಲ್ಲ ನಗು ಹಂಚುವವನ ಮನೆಯಲ್ಲೇ ಟಕ್ ಟಕ್ ಸದ್ದಾ ಎಂದು ಆಕೆ ನಕ್ಕರು. ನಗಲಿ.

ಸೆಪ್ಟೆಂಬರ್ 26, ಶುಕ್ರವಾರ

ಎರಡು ದಿನ ಹಲ್ಲಿಲ್ಲದೆ ಅತ್ತೆಯವರು ಸೆರಗು ಬಾಯಿಗೆ ಅಡ್ಡ ಹಿಡಿದು ಕಥೆ ಹೇಳಿದರು. ಅಡುಗೆಯವನು ಸತ್ತನೋ ಅತ್ತನೋ ತಿಳಿಯಲಿಲ್ಲ. ಇವತ್ತು ಸೆಟ್ಟು ತಂದುಕೊಟ್ಟೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು "ಪೆಟ್ಟಿಗೆ, ಪೆಟ್ಟಿಗೆ" ಎಂದು ಹೇಳಿ ನೋಡಿದರು. ಸದ್ದಿಲ್ಲ.

ಯಜಮಾನಿ ನನ್ನ ಕೆಲಸ ನೋಡಿ, ಸೋಮವಾರದಿಂದ ಹಲ್ಲು ಜೋಡಿಸಲು ಕೂರಿ ಎಂದರು.

ಸೆಪ್ಟೆಂಬರ್ 30, ಮಂಗಳವಾರ

ಅತ್ತಿಗೆಯ ಫೋನ್ ಬಂದಿತ್ತು. ಅತ್ತೆ ಮಾತಾಡುತ್ತಿದ್ದರು, ನಾನು ಶೂ ಒರೆಸುತ್ತಿದ್ದೆ. "ಈಗಲೇ ಬೇಡ. ಆ ಪೆಟ್ಟಿಗೆ ತೆರೀಲಿ, ಆಮೇಲೆ ಬರ್ತೀನಿ" ಎಂದರು. ಯಾವ ಪೆಟ್ಟಿಗೆ, ಬ್ಯಾಂಕಿನದೋ ಎಂದು ಅತ್ತಿಗೆ ಆಚೆಯಿಂದ ಕೇಳಿರಬೇಕು. "ಅದೆಲ್ಲ ನಿನಗೆ ಗೊತ್ತಾಗಲ್ಲ" ಎಂದು ಇಟ್ಟರು.

ನಾನು ಲೆಕ್ಕ ಹಾಕಿದೆ. ಪೆಟ್ಟಿಗೆ ಕೊನೆಯ ಅಧ್ಯಾಯದವರೆಗೆ ತೆರೆಯಲಿಕ್ಕಿಲ್ಲ. ಇಂಥ ಪುಸ್ತಕಗಳಲ್ಲಿ ಹಾಗೇ. ಇನ್ನೂ ತುಂಬ ಇದೆ. ಲೆಕ್ಕ ಹಾಕಿದ್ದು ಸುಮ್ಮನೆ.

ಅಕ್ಟೋಬರ್ 3, ಶುಕ್ರವಾರ

ತೆರೆದುಬಿಟ್ಟ, ಅಯೋಗ್ಯ. ಮೂವತ್ತೆಂಟನೇ ಅಧ್ಯಾಯಕ್ಕೇ.

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಏನಿತ್ತು ಹೇಳು ನೋಡೋಣ? ಒಂದು ಹಳೇ ಕಂಬಳಿ, ಎರಡು ಜೊತೆ ಬೂಟು. ಅಷ್ಟೆ. ಇದಕ್ಕೆ ನನ್ನ ಇಷ್ಟು ರಾತ್ರಿ ಹಾಳು ಮಾಡಿದ. ದ್ವೀಪದಲ್ಲಿ ಚಳಿಯಂತೆ, ತಂಗಿಗೆ ಬೆಚ್ಚಗಿರಲಿ ಅಂತ ಕಳಿಸಿದನಂತೆ. ಹಾಗಾದ್ರೆ ಬೀಗ ಯಾಕೆ ಹಾಕಬೇಕಿತ್ತು?"

"ಕಂಬಳಿಗೆ ಹುಳ ಹತ್ತಬಾರದು ಅಂತ ಇರಬಹುದು" ಎಂದೆ.

"ನೀನೂ ಅವನ ಪಕ್ಷ."

ಇಬ್ಬರೂ ನಕ್ಕೆವು. ಆಮೇಲೆ ಅವರು ಲೋಟ ಕೆಳಗಿಟ್ಟು, "ಸರಿ, ಅದೂ ಮುಗೀತು. ದೊಡ್ಡೋಳಿಗೆ ಫೋನ್ ಮಾಡಿದೀನಿ. ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಬರ್ತಾಳೆ" ಎಂದರು.

"ಇನ್ನೂ ಇಪ್ಪತ್ತಮೂರು ಅಧ್ಯಾಯ ಇದೆ" ಎಂದೆ.

"ಅದರಲ್ಲಿ ಇನ್ನೇನಿರುತ್ತೆ, ಬೂಟು ಹಾಕ್ಕೊಂಡು ಓಡಾಡ್ತಾಳೆ."

ಆಗ ಏನಾದರೂ ಹೇಳಬಹುದಿತ್ತು. ಯಾವ ಬಾಯಿಯಿಂದ ಹೇಳಲಿ? ಇರಿ ಎಂದರೆ, ಯಾಕೆ ಎಂದು ಕೇಳುತ್ತಾರೆ. ಅಲ್ಲದೆ ಆ ರಾತ್ರಿಯ ಮಾತು ಹಾಗೇ ಕೂತಿದೆ, ನನ್ನ ಎದೆಯಿಂದ ಎದ್ದು ಹೋಗಿಲ್ಲ.

ಅಕ್ಟೋಬರ್ 7, ಮಂಗಳವಾರ

ಇವತ್ತು ಊಟದ ಹೊತ್ತಿನಲ್ಲಿ ಪ್ಲಾಸ್ಟರಣ್ಣನಿಗೆ ಎಲ್ಲ ಹೇಳುತ್ತಿದ್ದೆ. ನಿಮ್ಮ ಮದ್ದು ಹಿಡಿಯಿತು, ಈಗ ಒಳ್ಳೆಯ ನಿದ್ದೆ, ನಾನು ಮಲಗಿದ ಮೇಲೆ ಏನೇನಾಯಿತು ಎಂದು ಅತ್ತೆ ಬೆಳಿಗ್ಗೆ ಒಂದೂ ಬಿಡದೆ ಹೇಳುತ್ತಾರೆ, ಬೆಳಗಿನ ಜಾವದ ಅಧ್ಯಾಯವನ್ನೂ ಬಿಡುವುದಿಲ್ಲ ಎಂದೆ. ಪ್ಲಾಸ್ಟರಣ್ಣ ಚೆನ್ನಾಗಿದೆ ಎಂದು ನಗುತ್ತಿದ್ದವರು ನಿಲ್ಲಿಸಿ, "ಹಾಗಾದ್ರೆ ಆ ತಾಯಿ ಮಲಗೋದು ಯಾವಾಗ?" ಎಂದರು.

ನನ್ನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು.

ನಾನು ಎಂಥ ಮನುಷ್ಯ. ಎರಡು ಸಲ ಸಕ್ಕರೆ. ತೆರೆದ ನಲ್ಲಿ. ಸುಟ್ಟ ಕಾಲರು. ವಯಸ್ಸಾಯಿತು ಎಂದು ಬರೆದು ಕೈತೊಳೆದುಕೊಂಡೆ. ನನ್ನ ಕೈ ತಪ್ಪಿ ಒಂದು ಹಲ್ಲು ಓರೆಯಾದರೆ ನಿದ್ದೆಗೇಡು, ಅವರ ಕೈ ತಪ್ಪಿದರೆ ಮುಪ್ಪು. ರಾತ್ರಿಯೆಲ್ಲ ಎಚ್ಚರವಿದ್ದವರು ಮಾತ್ರ ಹೇಳಬಹುದಾದ ಕಥೆಯನ್ನು ದಿನವೂ ಕೇಳಿಕೊಂಡು, ಬಾಯಿ ಚಪ್ಪರಿಸಿ ಕೆಲಸಕ್ಕೆ ಹೋದೆ. ನನಗೆ ನಾಚಿಕೆಯಾಗುತ್ತಿದೆ.

ಅಕ್ಟೋಬರ್ 8, ಬುಧವಾರ

ನಿನ್ನೆ ನಾನು ಮಲಗಲಿಲ್ಲ. ಪುಸ್ತಕ ಹಾಕಿ, ಎದ್ದು, ಅತ್ತೆಯ ಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ಹಾಸಿಗೆ ಹಾಸಿದ್ದು ಹಾಸಿದ ಹಾಗೇ ಇತ್ತು, ಹೊದಿಕೆಯ ಮಡಿಕೆ ಕೂಡ ಮುರಿದಿರಲಿಲ್ಲ. ಅವರು ಮಂಚದ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಶಾಲು ಹೊದ್ದು. ಅವಳ ಮಂಚ. ಅವಳ ಹತ್ತಿರ ನಾವು ಸರದಿಯಲ್ಲಿ ಕೂರುತ್ತಿದ್ದ ಕುರ್ಚಿ. ತಲೆ ತೂಗಿದಾಗಲೆಲ್ಲ ತಮ್ಮ ತೋಳನ್ನು ತಾವೇ ಚಿವುಟಿಕೊಂಡು ಮತ್ತೆ ಕಣ್ಣು ಬಿಡುತ್ತಿದ್ದರು.

ನಿದ್ದೆ ಬಾರದೆ ಕೂತವರಲ್ಲ. ಬರುವ ನಿದ್ದೆಯನ್ನು ಓಡಿಸುತ್ತಾ ಕೂತವರು. ಯಾಕೆ?

ಅಕ್ಟೋಬರ್ 10, ಶುಕ್ರವಾರ

ಎರಡು ದಿನದಿಂದ ಏನೇನೋ ಮಾಡಿ ನೋಡಿದೆ. ಬಿಸಿ ಹಾಲು ಕೊಟ್ಟೆ, "ನಿನಗೇ ಬೇಕು, ನೀನು ಕುಡಿ" ಎಂದರು. ಪುಸ್ತಕವನ್ನೇ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಗೋಡೆ ಬಡಿದು, "ಕರೆಂಟ್ ಹೋಯ್ತಾ?" ಎಂದರು. ಆ ಕಥೆಯೇ ಅವರಿಗೆ ಎಚ್ಚರವಿರಲು ಊರುಗೋಲಾಗಿದೆ ಎಂದು ಈಗ ಹೊಳೆಯುತ್ತಿದೆ. ಮುಂದೇನು, ಮುಂದೇನು ಎಂದು ಕಿವಿ ನಿಮಿರಿಸಿ ಕೂರುತ್ತಾರೆ. ನನಗೆ ಜೋಗುಳವಾದದ್ದು ಅವರಿಗೆ ಕಾವಲುಗಾರನ ಸೀಟಿ.

ಭಾನುವಾರ ಅತ್ತಿಗೆ ಬರುತ್ತಾರೆ. ಚೀಲ ಆಗಲೇ ಬಾಗಿಲ ಬಳಿ ಬಂದು ಕೂತಿದೆ.

ಅಕ್ಟೋಬರ್ 12, ಭಾನುವಾರ

ನಿನ್ನೆ ರಾತ್ರಿಯಿಂದ ಬರೆಯಬೇಕು.

ಊಟವಾದ ಮೇಲೆ ನಾನು ಫೋನನ್ನು ನನ್ನ ಕೋಣೆಯಲ್ಲಿ ಇಡಲಿಲ್ಲ. ಅತ್ತೆಯ ಕೋಣೆಗೇ ಒಯ್ದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ನಲವತ್ತೇಳನೇ ಅಧ್ಯಾಯ ಹಾಕಲಿಲ್ಲ, ಬಂದರಿನ ಅಧ್ಯಾಯ ಹಾಕಿದೆ. ಅವರಿಗೆ ಬಾಯಿಪಾಠವಾಗಿ, ಬೇಸರ ಬಂದು, ನನಗೆ ಜಾಡಿಸಿದ ಅಧ್ಯಾಯ. ಇನ್ನು ಮುಂದೇನು ಎಂದು ಕಾಯುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ.

"ಮತ್ತೆ ಇವನನ್ನ ಹಡಗು ಹತ್ತಿಸ್ತಾ ಇದೀಯಾ?"

"ನಾನು ಕೇಳೇ ಇಲ್ಲ ಅತ್ತೆ. ಪ್ರತಿ ಸಲ ನಿದ್ದೆ ಹೋಗಿದ್ದೆ. ನೀವು ಮಲಗಿ ಕೇಳಿ, ಕುರ್ಚಿಲಿ ಕತ್ತು ನೋಯುತ್ತೆ."

"ಮಲಗಿದ್ರೆ ನಿದ್ದೆ ಬಂದುಬಿಡುತ್ತೆ."

"ಬರಲಿ. ನಾನು ಕೂತಿರ್ತೀನಿ."

ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಮಂಚದ ಮೇಲೆ, ಒಂದು ಅಂಚಿನಲ್ಲಿ, ಪರರ ಮನೆಯ ಹಾಸಿಗೆಯೇನೋ ಎಂಬಂತೆ ಮಲಗಿದರು. ಕುರ್ಚಿಯಲ್ಲಿ ನಾನು ಕೂತೆ. ಮುದುಕ ಮಳೆಯನ್ನು ಬಣ್ಣಿಸಿದ, ಟಿಕೆಟ್ಟಿನ ಸಾಲನ್ನು ಬಣ್ಣಿಸಿದ. "ಈಗ ಛತ್ರಿ ಮರೀತಾನೆ ನೋಡು" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಮರೆತ. ಅದನ್ನು ಕೇಳಲು ಅವರಿಗೆ ಎಚ್ಚರವಿರಲಿಲ್ಲ.

ಬೆಳಗಾಯಿತು. ಅವರು ಏಳಲಿಲ್ಲ. ಪತ್ರಿಕೆಯವನು ಬಂದ, ಮೇಲಿನ ಮನೆಯವರ ಮಿಕ್ಸಿ ಗರ್ಜಿಸಿತು, ಅವರು ಏಳಲಿಲ್ಲ. ಒಂದೆರಡು ಸಲ ಹತ್ತಿರ ಹೋಗಿ ಉಸಿರು ನೋಡಿದೆ. ಹೆದರಿಕೆಯಾಯಿತು, ಸುಳ್ಳು ಯಾಕೆ ಬರೆಯಲಿ. ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದರು.

ಹತ್ತು ಗಂಟೆಗೆ ಅತ್ತಿಗೆ ಬಂದರು. ಬೆಲ್ ಒತ್ತುವ ಮುಂಚೆಯೇ ಕಾರಿನ ಸದ್ದು ಕೇಳಿ ಬಾಗಿಲು ತೆಗೆದು, ಬಾಯಿಗೆ ಬೆರಳಿಟ್ಟೆ.

"ಮಲಗಿದಾರೆ. ಎಬ್ಬಿಸಬೇಡಿ."

"ಅಮ್ಮನಾ? ಈ ಹೊತ್ತಲ್ಲಿ? ಹುಷಾರಿಲ್ವಾ?"

"ಹುಷಾರಾಗಿದಾರೆ. ನಿದ್ದೆ ಬಂದಿದೆ."

ಅಡುಗೆಮನೆಯಲ್ಲಿ ಕೂತೆವು. ಇಬ್ಬರೂ ಪಿಸುಮಾತಿನಲ್ಲಿ, ಕಳ್ಳರ ಹಾಗೆ. ನಾನೇ ಚಹಾ ಮಾಡಿದೆ. ಅತ್ತಿಗೆ ಬಾಗಿಲ ಬಳಿಯ ಚೀಲವನ್ನೇ ನೋಡುತ್ತಿದ್ದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಮ್ಮ ಹೋಗಲಿ ಅಂತ ನಿಮಗಿದೆಯಾ? ಫೋನಲ್ಲಿ ಅಮ್ಮ ಅಂದಿದ್ದು ಏನು ಗೊತ್ತಾ? ಅವನು ಒಳ್ಳೆಯೋನು ಕಣೆ, ಆದ್ರೆ ಇರಿ ಅಂತ ಹೇಳಿಲ್ಲ ಅಂದಳು" ಎಂದರು.

"ಹೋಗಿ ಅಂತಲೂ ನಾನು ಹೇಳಿಲ್ಲ."

"ಎರಡೂ ಒಂದೇನಾ?"

ಒಂದಲ್ಲ. ಅದು ನನಗೂ ಗೊತ್ತಿತ್ತು. ಇಷ್ಟು ಪುಟ ಬರೆದೂ ಒಂದು ಸಲವೂ ಅದನ್ನು ನೆಟ್ಟಗೆ ಬರೆಯಲಿಲ್ಲ. "ಹೋಗೋದು ಬೇಡ ಅತ್ತಿಗೆ" ಎಂದೆ. "ಅವರು ಹೋದ್ರೆ ಈ ಮನೇಲಿ ಅವಳ ಬಗ್ಗೆ ಗೊತ್ತಿರೋರು ಯಾರೂ ಇರಲ್ಲ. ಅವಳ ಕೊನೇ ದಿನಗಳನ್ನ ಜೊತೆಗಿದ್ದು ಕಂಡೋರು ಅವರಿಗೂ ಅಲ್ಲಿ ಸಿಗಲ್ಲ."

ಅತ್ತಿಗೆ ಉತ್ತರ ಕೊಡುವ ಮುಂಚೆ ಒಳಗಿನಿಂದ ಕಿರುಚಿದ ಸದ್ದಾಯಿತು.

ಓಡಿದೆವು. ಅತ್ತೆ ಮಂಚದ ಮೇಲೆ ಎದ್ದು ಕೂತು, ಕೂದಲು ಕೆದರಿ, ಕಿಟಕಿಯ ಬಿಸಿಲನ್ನು ನೋಡುತ್ತಿದ್ದರು. ನಮ್ಮಿಬ್ಬರನ್ನು ನೋಡಿದರೂ ನೋಡಿದಂತಿರಲಿಲ್ಲ.

"ಮತ್ತೆ ಮಲಗಿಬಿಟ್ಟೆನಾ? ಬೆಳಗಾಗಿದೆ. ಅವತ್ತಿನ ಹಾಗೇ ಬೆಳಗಾಗಿದೆ. ಯಾರು? ಯಾರು ಹೋದ್ರು?"

"ಅಮ್ಮಾ, ಏನಮ್ಮಾ ಇದು?" ಎಂದರು ಅತ್ತಿಗೆ.

ಅತ್ತೆ ನನ್ನ ತೋಳು ಹಿಡಿದುಕೊಂಡರು. "ಎಬ್ಬಿಸೋಕೆ ಹೊತ್ತಿರಲಿಲ್ಲ ಅಂದೆನಲ್ಲ, ಅದು ಸುಳ್ಳು. ನಾನು ಮಲಗಿಬಿಟ್ಟಿದ್ದೆ. ನಿನ್ನ ಕಳಿಸಿ, ನಾನು ಕೂತಿರ್ತೀನಿ ಅಂದು, ಕುರ್ಚಿಲೇ ಮಲಗಿಬಿಟ್ಟಿದ್ದೆ. ಕಣ್ಣು ಬಿಟ್ಟರೆ ಅವಳ ಕೈ ತಣ್ಣಗಾಗಿತ್ತು. ಯಾವಾಗ ಹೋದಳೋ ನನಗೆ ಗೊತ್ತಿಲ್ಲಪ್ಪ. ಕರೆದಳೋ ಏನೋ, ಅದೂ ಗೊತ್ತಿಲ್ಲ."

ಆಮೇಲೆ ಅವರು ಅತ್ತರು. ಆರು ತಿಂಗಳಿನಿಂದ ನಾನು ನೋಡದ ಅಳು.

ನನಗೆ ಸಿಟ್ಟು ಬರಬೇಕಿತ್ತು. ಒಂದು ಸಲ ಕೂಗಬಾರದಿತ್ತೇ ಎಂದು ಇಷ್ಟು ದಿನ ಎದೆಯಲ್ಲಿ ಸಾಕಿಕೊಂಡ ಸಿಟ್ಟು. ಹುಡುಕಿದರೂ ಸಿಗಲಿಲ್ಲ. ಅವರಾಗಲೇ ತಮಗೆ ತಾವೇ ಕೊಟ್ಟುಕೊಂಡ ಶಿಕ್ಷೆಗೆ ನಾನು ಇನ್ನೇನು ಸೇರಿಸಲಿ? ಆ ರಾತ್ರಿ ನಾವಿಬ್ಬರೂ ಮಲಗಿದ್ದೆವು, ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು. ಇಬ್ಬರಿಗೂ ಮೈ ಸೋತಿತ್ತು, ಅಷ್ಟೆ.

ಮಂಚದ ಮೇಲೆ ಅವರ ಪಕ್ಕ ಕೂತೆ. "ಅತ್ತೆ, ಇಲ್ಲಿ ನೋಡಿ. ರಾತ್ರಿಯಿಡೀ ನಿದ್ದೆ ಮಾಡಿದಿರಿ. ಏನೂ ಆಗಿಲ್ಲ. ನಾನು ಇದ್ದೀನಿ. ಅತ್ತಿಗೆ ಇದಾರೆ. ಯಾರೂ ಎಲ್ಲಿಗೂ ಹೋಗಿಲ್ಲ."

ಅತ್ತೆ ನನ್ನನ್ನು ನೋಡಿದರು, ದೊಡ್ಡ ಮಗಳನ್ನು ನೋಡಿದರು, ಒಬ್ಬೊಬ್ಬರನ್ನೇ ಎಣಿಸುವ ಹಾಗೆ. ಅತ್ತಿಗೆ ಕಾಲ ಬಳಿ ಕೂತು ತಾಯಿಯ ಪಾದ ಹಿಡಿದುಕೊಂಡಿದ್ದರು, ಅವರೂ ಅಳುತ್ತಿದ್ದರು.

"ಇವರು ನಿನ್ನ ಕಳಿಸಲ್ವಂತೆ ಅಮ್ಮ" ಎಂದರು.

"ಇರಿ ಅತ್ತೆ, ಇಲ್ಲೇ ಇರಿ" ಎಂದೆ ನಾನು.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅತ್ತಿಗೆ ತಂದ ನೀರನ್ನು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಕಾಲು ಮೇಲೆಳೆದುಕೊಂಡು, ಈ ಸಲ ಮಂಚದ ನಡುವೆ ಮಲಗಿದರು.

"ಇನ್ನೂ ಕಣ್ಣು ಎಳೀತಾ ಇದೆ. ಒಂದು ಸ್ವಲ್ಪ ಹೊತ್ತು ಮಲಗಿದ್ರೆ ತಪ್ಪಾಗುತ್ತಾ?"

"ಮಲಗಿ."

"ನೀನು ಇರ್ತೀಯಲ್ಲ?"

"ಇರ್ತೀನಿ" ಎಂದೆ.